ಕ್ಯಾನಿಗೆ ಸುರಿಯುವ ಮುನ್ನ ಮನೆಯ ಚೆಂಬು ತುಂಬಲಿ

ಹಾಲು ಉತ್ಪಾದಕ ಕುಟುಂಬದ ದಿನನಿತ್ಯದ ಆಹಾರ ಮತ್ತು ವ್ಯಾಯಾಮ



ಹಸುವಿಗೆ ಏನು ಹಾಕಬೇಕು, ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂಬ ಬಗ್ಗೆ ಈ ಪುಟಗಳಲ್ಲಿ ಹಲವು ಬಾರಿ ಓದಿದ್ದೀರಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ನಮ್ಮ ಸದಸ್ಯರಲ್ಲಿ ಅನೇಕರು ಇಂದು ಲೀಟರಿಗೆ ಇಷ್ಟು ಪಶು ಆಹಾರ ಎಂದು ಬೆರಳ ಮೇಲೆ ಲೆಕ್ಕ ಹೇಳುತ್ತಾರೆ. ಸಂತೋಷದ ವಿಷಯ. ಆದರೆ ಆ ಹಸುವನ್ನು ಸಾಕುವ ಮನೆಯವರು ಏನು ಉಣ್ಣುತ್ತಾರೆ, ಹಾಲು ಹಿಂಡುವ ತಾಯಿ ಬೆಳಿಗ್ಗೆ ಎಷ್ಟು ಹೊತ್ತಿಗೆ ತುತ್ತು ಬಾಯಿಗಿಡುತ್ತಾಳೆ, ಶಾಲೆಗೆ ಹೋಗುವ ಮಗು ಹಾಲು ಕುಡಿದು ಹೋಗುತ್ತದೆಯೇ ಎಂದು ಕೇಳುವವರು ಕಡಿಮೆ.

ನಾವು ಮನುಷ್ಯರ ವೈದ್ಯರಲ್ಲ, ದನದ ಡಾಕ್ಟರು. ಕಾಯಿಲೆಗೆ ಔಷಧ ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಪಶು ಚಿಕಿತ್ಸೆಗೆಂದು ಮನೆ ಮನೆಗೆ ಬರುವವರಿಗೆ ಕೊಟ್ಟಿಗೆಯ ಜೊತೆಗೆ ಅಡುಗೆ ಮನೆಯೂ ಕಣ್ಣಿಗೆ ಬೀಳುತ್ತದೆ. ಬಂದವರಿಗೆ ಗಟ್ಟಿ ಹಾಲಿನ ಚಹಾ, ಮನೆಯ ಮಕ್ಕಳಿಗೆ ಬಣ್ಣ ಬದಲಾಗುವಷ್ಟು ಮಾತ್ರ ಹಾಲು ಹಾಕಿದ ಚಹಾ. ದಿನಕ್ಕೆ ಎಂಟು ಹತ್ತು ಲೀಟರ್ ಹಾಲು ಸಂಘಕ್ಕೆ ಹಾಕುವ ಮನೆಯಲ್ಲೂ ಇದೇ ಕಥೆ. ಕೊಟ್ಟಿಗೆಯಲ್ಲಿ ಕಲಿತ ಪಾಠವನ್ನೇ ಅಡುಗೆ ಮನೆಗೂ ತರಬೇಕು ಎಂಬುದು ಈ ಲೇಖನದ ಸಾರ.

ಕೊಟ್ಟಿಗೆಯ ಪಾಠ

ಬರಿ ಸೊಪ್ಪೆ ತಿಂದ ಹಸು ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಆದರೆ ಹಾಲು ಕೊಡುವುದಿಲ್ಲ. ಇದು ನಿಮಗೆಲ್ಲ ಗೊತ್ತು. ಹೊಟ್ಟೆ ತುಂಬುವುದು ಬೇರೆ, ಪೋಷಣೆ ಸಿಗುವುದು ಬೇರೆ. ಅದಕ್ಕಾಗಿಯೇ ಒಣಮೇವಿನ ಜೊತೆ ಹಸಿರು ಮೇವು, ಪಶು ಆಹಾರ, ಖನಿಜ ಮಿಶ್ರಣ, ಸಾಕಷ್ಟು ನೀರು ಕೊಡುತ್ತೇವೆ. ಮನುಷ್ಯನ ತಟ್ಟೆಯನ್ನೂ ಹೀಗೆಯೇ ನೋಡಬಹುದು:

೧. ಒಣಮೇವಿನ ಜಾಗದಲ್ಲಿ ರೊಟ್ಟಿ, ಮುದ್ದೆ, ಅನ್ನ. ಇವು ಹೊಟ್ಟೆ ತುಂಬಿಸಿ ದುಡಿಯಲು ಶಕ್ತಿ ಕೊಡುತ್ತವೆ.

೨. ಹಿಂಡಿ ಮತ್ತು ಪಶು ಆಹಾರದ ಜಾಗದಲ್ಲಿ ಬೇಳೆ, ಕಾಳು, ಶೇಂಗಾ, ಹಾಲು, ಮೊಸರು. ತಿನ್ನುವವರಿಗೆ ಮೊಟ್ಟೆ, ಮೀನು, ಮಾಂಸ. ಮೈ ಕಟ್ಟುವ ಸಸಾರಜನಕ ಇವುಗಳಲ್ಲಿದೆ.

೩. ಹಸಿರು ಮೇವು ಮತ್ತು ಖನಿಜ ಮಿಶ್ರಣದ ಜಾಗದಲ್ಲಿ ಸೊಪ್ಪು, ತರಕಾರಿ, ಹಣ್ಣು. ಜೀವಸತ್ವ, ಕಬ್ಬಿಣ ಮತ್ತಿತರ ಲವಣಗಳು ಇವುಗಳಿಂದ ಬರುತ್ತವೆ.

೪. ನೀರು ಇಬ್ಬರಿಗೂ ನೀರೇ.

ನಮ್ಮ ಬಹುತೇಕ ಮನೆಗಳ ತಟ್ಟೆಯಲ್ಲಿ ಮೊದಲನೆಯದು ಗುಡ್ಡೆಯಾಗಿದೆ, ಉಳಿದವು ಅಂಚಿನಲ್ಲಿ ಚೂರುಪಾರು. ಒಂದು ದೊಡ್ಡ ತಟ್ಟೆ ಅನ್ನ, ಮೇಲೆ ತಿಳಿಸಾರು, ಬದಿಗೆ ಉಪ್ಪಿನಕಾಯಿ. ಇದು ಹಸುವಿಗೆ ಬರಿ ಸೊಪ್ಪೆ ಹಾಕಿದಂತೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ೨೦೨೪ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಆಹಾರ ಮಾರ್ಗಸೂಚಿ ಪ್ರಕಟಿಸಿದೆ. ಅದರ ಪ್ರಕಾರ ದಿನಕ್ಕೆ ೨೦೦೦ ಕ್ಯಾಲರಿ ಬೇಕಾದ ಒಬ್ಬ ವಯಸ್ಕರಿಗೆ ಧಾನ್ಯ ೨೫೦ ಗ್ರಾಂ, ಬೇಳೆಕಾಳು ೮೫ ಗ್ರಾಂ, ಸೊಪ್ಪು ತರಕಾರಿ ೪೦೦ ಗ್ರಾಂ, ಹಣ್ಣು ೧೦೦ ಗ್ರಾಂ, ಶೇಂಗಾದಂತಹ ಎಣ್ಣೆಬೀಜಗಳು ೩೫ ಗ್ರಾಂ, ಅಡುಗೆ ಎಣ್ಣೆ ೨೭ ಗ್ರಾಂ, ಹಾಲು ಅಥವಾ ಮೊಸರು ೩೦೦ ಮಿಲಿ ಲೀಟರ್. ಧಾನ್ಯ, ಕಾಳುಗಳ ತೂಕ ಬೇಯಿಸುವ ಮೊದಲಿನದು. ಹೊಲದಲ್ಲಿ ಮೈಮುರಿದು ದುಡಿಯುವವರಿಗೆ ಧಾನ್ಯ ಇನ್ನೂ ಹೆಚ್ಚು ಬೇಕು. ತಕ್ಕಡಿ ಹಿಡಿದು ಊಟ ಮಾಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಯಾವುದರ ಪಾಲು ಎಷ್ಟು ಎಂಬ ಅಂದಾಜು ಇರಲಿ.

ಮನೆಗೆ ಎಷ್ಟು ಹಾಲು ಉಳಿಯಬೇಕು?

ತಲೆಗೆ ೩೦೦ ಮಿಲಿ ಲೀಟರ್ ಎಂದರೆ ಐದು ಜನರ ಮನೆಗೆ ಒಂದೂವರೆ ಲೀಟರ್. ಹತ್ತು ಲೀಟರ್ ಹಾಕುವ ಮನೆಗೆ ಇದು ದೊಡ್ಡ ಮಾತಲ್ಲ. ಒಂದೇ ಹಸು, ಐದಾರು ಲೀಟರ್ ಹಾಲು, ಮೇಲೆ ಸಾಲದ ಕಂತು ಇರುವ ಮನೆಗೆ ಇದು ಕಷ್ಟದ ಮಾತೇ. ಅಂಥವರು ಕನಿಷ್ಠ ಒಂದು ಲೀಟರ್ ಇಟ್ಟುಕೊಳ್ಳಲಿ. ಮೊದಲ ಪಾಲು ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ, ವಯಸ್ಸಾದವರಿಗೆ ಸೇರಲಿ.

ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು ೩೨ ಗ್ರಾಂ ಸಸಾರಜನಕವಿದೆ. ಇದು ಐದು ಕೋಳಿಮೊಟ್ಟೆಗಳಲ್ಲಿರುವಷ್ಟು. ಸುಣ್ಣದ ಅಂಶ ಸುಮಾರು ೧೨೦೦ ಮಿಲಿ ಗ್ರಾಂ. ಒಬ್ಬ ವಯಸ್ಕರಿಗೆ ದಿನಕ್ಕೆ ಬೇಕಾಗುವುದು ೧೦೦೦ ಮಿಲಿ ಗ್ರಾಂ. ಇಷ್ಟನ್ನು ಪೇಟೆಯ ಡಬ್ಬಿಯ ಪುಡಿಯಿಂದ ಪಡೆಯಲು ಹೋದರೆ ನೀವು ಮಾರಿದ ಹಾಲಿನ ಹಣಕ್ಕಿಂತ ಹೆಚ್ಚು ಖರ್ಚಾಗುತ್ತದೆ.

೨೦೧೩ರ ಆಗಸ್ಟ್ ೧ರಂದು ರಾಜ್ಯ ಸರ್ಕಾರ ಕ್ಷೀರಭಾಗ್ಯ ಯೋಜನೆ ಆರಂಭಿಸಿತು. ಶಾಲಾ ಮಗುವಿಗೆ ೧೮ ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ ತಯಾರಿಸಿದ ೧೫೦ ಮಿಲಿ ಲೀಟರ್ ಹಾಲು ಕೊಡುವ ಯೋಜನೆ ಇದು. ನೀವು ಸಂಘಗಳಿಗೆ ಹಾಕುವ ಹಾಲು ಹೀಗೆ ಪುಡಿಯಾಗಿ ಮಕ್ಕಳ ಲೋಟಕ್ಕೆ ಸೇರುತ್ತದೆ. ಒಳ್ಳೆಯ ಕೆಲಸ. ಆದರೆ ಮನೆಯಲ್ಲಿ ಕರೆಯುವ ಹಸು ಇದ್ದೂ ಆ ಮಗುವಿಗೆ ಶಾಲೆಯ ಅರ್ಧ ಲೋಟವೇ ದಿನದ ಹಾಲೆಲ್ಲ ಎನ್ನುವಂತಾದರೆ, ರಜೆಯ ದಿನಗಳಲ್ಲಿ ಅದೂ ಇಲ್ಲವೆಂದರೆ, ಹಸು ಸಾಕಿದ ಪ್ರಯೋಜನ ಏನು?

ಹೈನುಗಾರಿಕೆ ಬೆಳೆದಂತೆ ಹಳ್ಳಿಯ ಹಾಲೆಲ್ಲ ಪಟ್ಟಣಕ್ಕೆ ಹೋಗಿ ಹಳ್ಳಿಯ ಮಕ್ಕಳಿಗೆ ಇಲ್ಲವಾಗುತ್ತದೆಯೇ ಎಂಬ ಪ್ರಶ್ನೆ ಹೊಸದಲ್ಲ. ದೇಶದಲ್ಲಿ ಕ್ಷೀರಧಾರೆ ಯೋಜನೆ ನಡೆಯುತ್ತಿದ್ದ ೧೯೮೦ರ ದಶಕದಲ್ಲೇ ಈ ಚರ್ಚೆ ಜೋರಾಗಿ ನಡೆದಿತ್ತು. ಹಾಲಿನ ಹಣ ಮನೆಗೆ ಬಂದಾಗ ಅದರಿಂದ ಕಾಳು, ತರಕಾರಿ, ಮಕ್ಕಳ ಓದು ಎಲ್ಲವೂ ಆಗುತ್ತದೆ ಎಂಬುದು ಒಂದು ಉತ್ತರ. ಅದು ನಿಜ. ಆದರೆ ಹಣ ಬಟವಾಡೆಯ ದಿನ ಬರುತ್ತದೆ, ಹಸಿವು ದಿನವೂ ಬರುತ್ತದೆ. ಆದ್ದರಿಂದ ಹಣವೂ ಬರಲಿ, ಚೆಂಬೂ ತುಂಬಲಿ.

ಇದಕ್ಕೊಂದು ಸುಲಭ ಪದ್ಧತಿ ಇದೆ. ಹಾಲು ಕರೆದ ಕೂಡಲೇ, ಕ್ಯಾನಿಗೆ ಸುರಿಯುವ ಮೊದಲೇ ಮನೆಯ ಚೆಂಬು ತುಂಬಿಸಿ ಒಳಗಿಡಿ. ಉಳಿದರೆ ನೋಡೋಣ ಎಂದು ಬಿಟ್ಟರೆ ಉಳಿಯುವುದೇ ಇಲ್ಲ. ಮನೆಗೆ ಇಟ್ಟುಕೊಂಡಷ್ಟು ಅಳತೆಯನ್ನು ನೀರು ಹಾಕಿ ತುಂಬಿಸುವ ಯೋಚನೆ ಮಾತ್ರ ಬೇಡ. ಜಿಡ್ಡು ಶೇಕಡಾ ೩.೫, ಜಿಡ್ಡೇತರ ಘನಾಂಶ ಶೇಕಡಾ ೮.೫ಕ್ಕಿಂತ ಇಳಿದರೆ ದರ ಇಳಿಯುತ್ತದೆ, ಸಂಘದ ಹೆಸರೂ ಇಳಿಯುತ್ತದೆ.

ಒಂದು ಎಚ್ಚರಿಕೆ. ಆರು ತಿಂಗಳ ತನಕ ಮಗುವಿಗೆ ತಾಯಿಯ ಹಾಲು ಮಾತ್ರ ಕೊಡಬೇಕು. ಹಸುವಿನ ಹಾಲೂ ಬೇಡ, ನೀರೂ ಬೇಡ. ಆರು ತಿಂಗಳ ನಂತರ ತಾಯಿಯ ಹಾಲಿನ ಜೊತೆಗೆ ಮೆತ್ತಗಿನ ಊಟ ಆರಂಭವಾಗಲಿ.

ಕಾಯಿಸದ ಹಾಲು ಬೇಡ

'ನೊರೆಹಾಲು ಕುಡಿದರೆ ಪೈಲ್ವಾನ ಆಗುತ್ತಾನೆ' ಎನ್ನುವ ಮಾತು ನಮ್ಮ ಕಡೆ ಇನ್ನೂ ಇದೆ. ಪಶುವೈದ್ಯರಾಗಿ ಇದನ್ನು ಒಪ್ಪಲು ಆಗುವುದಿಲ್ಲ. ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ಹಸಿ ಹಾಲಿನ ಮೂಲಕ ಮನುಷ್ಯರಿಗೂ ಬರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ಕೀಲುಗಳ ನೋವು ತಿಂಗಳುಗಟ್ಟಲೆ ಕಾಡುತ್ತವೆ. ಕ್ಷಯವೂ ಹಸಿ ಹಾಲಿನಿಂದ ಹರಡಬಲ್ಲದು. ಚೆನ್ನಾಗಿ ಉಕ್ಕುವವರೆಗೆ ಕಾಯಿಸಿದರೆ ಈ ರೋಗಾಣುಗಳು ಸಾಯುತ್ತವೆ.

ಕಂದು ಹಾಕಿದ ಅಥವಾ ಸತ್ತೆ ಬೀಳದ ಹಸುವನ್ನು ಬರಿಗೈಯಿಂದ ಮುಟ್ಟಿ ಕೆಲಸ ಮಾಡಬೇಡಿ. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನಲ್ಲಿ ಒಮ್ಮೆ ಈ ರೋಗದ ಲಸಿಕೆ ಹಾಕಿಸಿ. ೨೦೧೯ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆಯ ಜೊತೆಗೆ ಇದೂ ಸೇರಿದೆ. ಕೆಚ್ಚಲು ಬಾವಿಗೆ ಔಷಧ ಕೊಡಿಸುತ್ತಿರುವ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೂ ಹಾಕಬಾರದು, ಮನೆಯ ಮಕ್ಕಳಿಗೂ ಕುಡಿಸಬಾರದು.

ಜೋಳ ಹೋಯಿತು, ಸೊಪ್ಪೆಯೂ ಹೋಯಿತು

ನಮ್ಮ ಐದು ತಾಲ್ಲೂಕುಗಳು ಮಳೆ ಕಡಿಮೆಯ ಸೀಮೆ. ಜೋಳ, ಸಜ್ಜೆ, ನವಣೆ ನಮ್ಮ ಹಿರಿಯರ ಊಟ. ಈಗ ಹೊಲದ ತುಂಬ ಮೆಕ್ಕೆಜೋಳ, ತಟ್ಟೆಯ ತುಂಬ ಅಕ್ಕಿ. ಮೆಕ್ಕೆಜೋಳ ನೇರವಾಗಿ ಪೇಟೆಗೆ ಹೋಗುತ್ತದೆ, ಅಕ್ಕಿ ನ್ಯಾಯಬೆಲೆ ಅಂಗಡಿಯಿಂದ ಬರುತ್ತದೆ. ಪಡಿತರ ಅಕ್ಕಿ ಬಡವರ ಹಸಿವು ನೀಗಿಸಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಮೂರು ಹೊತ್ತೂ ಅನ್ನವೇ ಆದಾಗ ಆದ ನಷ್ಟವನ್ನೂ ನೋಡಬೇಕು.

ರಾಷ್ಟ್ರೀಯ ಪೋಷಣಾ ಸಂಸ್ಥೆಯ ೨೦೧೭ರ ಆಹಾರ ಕೋಷ್ಟಕದಂತೆ ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು ಮೂರು ಗ್ರಾಮಿಗಿಂತ ಕಡಿಮೆ, ಜೋಳದಲ್ಲಿ ಸುಮಾರು ಹತ್ತು ಗ್ರಾಂ. ಕಬ್ಬಿಣ ಅಕ್ಕಿಯಲ್ಲಿ ಒಂದು ಮಿಲಿ ಗ್ರಾಂ ಕೂಡ ಇಲ್ಲ, ಜೋಳದಲ್ಲಿ ಸುಮಾರು ನಾಲ್ಕು, ಸಜ್ಜೆಯಲ್ಲಿ ಆರಕ್ಕೂ ಹೆಚ್ಚು. ನಾರು ಇದ್ದ ಊಟ ನಿಧಾನವಾಗಿ ಕರಗುತ್ತದೆ, ಬೇಗ ಹಸಿವಾಗುವುದಿಲ್ಲ.

ದನಗಳ ವಿಷಯದಲ್ಲಿ ಇಂಥದ್ದೊಂದು ಅನುಭವ ನಿಮಗೆ ಇದೆ. ಮದುವೆ ಮನೆಯ ಮಿಕ್ಕ ಅನ್ನವನ್ನೋ, ಕಣದಲ್ಲಿ ಬಿದ್ದ ಮೆಕ್ಕೆಜೋಳದ ಕಾಳನ್ನೋ ಹಸು ಒಮ್ಮೆಲೇ ತಿಂದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಾಗಿ ಮೆಲುಕು ನಿಲ್ಲುತ್ತದೆ, ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ಮನುಷ್ಯನ ಹೊಟ್ಟೆ ಹಸುವಿನ ಹೊಟ್ಟೆಯಂತಲ್ಲ, ಅಷ್ಟು ಬೇಗ ತೋರಿಸುವುದೂ ಇಲ್ಲ. ಅನ್ನದ ಗುಡ್ಡೆ, ಸಕ್ಕರೆ, ಕೂತು ಕಳೆಯುವ ದಿನ, ಇವೆಲ್ಲ ಸೇರಿ ಹತ್ತು ಹದಿನೈದು ವರ್ಷಗಳಲ್ಲಿ ಸಕ್ಕರೆ ಕಾಯಿಲೆಯಾಗಿ ತೋರುತ್ತದೆ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ ೧೧ಕ್ಕೂ ಹೆಚ್ಚು ಮಂದಿಗೆ, ಒಟ್ಟು ಸುಮಾರು ಹತ್ತು ಕೋಟಿ ಜನರಿಗೆ, ಈ ಕಾಯಿಲೆ ಇದೆ. ಇದು ಪಟ್ಟಣದವರ ಕಾಯಿಲೆ ಎಂದು ಹಳ್ಳಿಯವರು ನಿಶ್ಚಿಂತೆಯಿಂದ ಇರುವ ಕಾಲ ಮುಗಿದಿದೆ.

ಹೈನುಗಾರರಿಗೆ ಜೋಳದಲ್ಲಿ ಇನ್ನೊಂದು ಲಾಭವಿದೆ. ತೆನೆ ಮನೆಯವರಿಗೆ, ಸೊಪ್ಪೆ ದನಕ್ಕೆ. ಒಂದೇ ಬಿತ್ತನೆಯಲ್ಲಿ ಎರಡೂ ಕಡೆಯ ಊಟ. ಆದ್ದರಿಂದ ಮೆಕ್ಕೆಜೋಳ ಹಾಕುವವರೂ ಒಂದಿಷ್ಟು ಜಾಗವನ್ನು ಜೋಳಕ್ಕೆ ಬಿಡಿ, ಸಾಲುಗಳ ನಡುವೆ ತೊಗರಿ, ಅಲಸಂದೆ ಹಾಕಿ. ದಿನದಲ್ಲಿ ಒಂದು ಹೊತ್ತಾದರೂ ರೊಟ್ಟಿ ಅಥವಾ ಮುದ್ದೆ ಇರಲಿ. ಅಕ್ಕಿಯ ಬದಲು ವಾರದಲ್ಲಿ ಎರಡು ದಿನ ನವಣೆ ಅನ್ನ ಮಾಡಿ ನೋಡಿ. ವಿಶ್ವಸಂಸ್ಥೆ ೨೦೨೩ನೇ ವರ್ಷವನ್ನು ಸಿರಿಧಾನ್ಯಗಳ ವರ್ಷ ಎಂದು ಆಚರಿಸಿದ ಮೇಲೆ ಪಟ್ಟಣದವರು ನವಣೆಯನ್ನು ದುಬಾರಿ ಬೆಲೆಗೆ ಕೊಂಡು ತಿನ್ನುತ್ತಿದ್ದಾರೆ. ಬೆಳೆಯುವ ನೆಲದವರು ಬಿಟ್ಟು ಕೂರುವುದು ಸರಿಯಲ್ಲ.

ಕಾಳು, ಸೊಪ್ಪು: ನಮ್ಮ ಹೊಲದ ಟಾನಿಕ್

ಹುರುಳಿಯನ್ನು ಎತ್ತಿಗೆ ಬೇಯಿಸಿ ಹಾಕುತ್ತಿದ್ದೆವು, ಏಕೆಂದರೆ ಅದು ದುಡಿಮೆಗೆ ಬಲ ಕೊಡುತ್ತದೆ ಎಂದು ಗೊತ್ತಿತ್ತು. ಅದರ ನೂರು ಗ್ರಾಮಿನಲ್ಲಿ ಸುಮಾರು ೨೨ ಗ್ರಾಂ ಸಸಾರಜನಕವಿದೆ. ಎತ್ತು ಮಾರಿ ಟ್ರ್ಯಾಕ್ಟರ್ ಬಂದ ಮೇಲೆ ಹುರುಳಿ ಕೊಟ್ಟಿಗೆಯಿಂದಲೂ ಹೋಯಿತು, ಅಡುಗೆ ಮನೆಯಿಂದಲೂ ಹೋಯಿತು. ಹುರುಳಿ, ಹೆಸರು, ಅಲಸಂದೆ, ಮಡಿಕೆ ಇವುಗಳಲ್ಲಿ ಒಂದನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಪಲ್ಯ ಮಾಡಿ. ಒಂದು ಹಿಡಿ ಶೇಂಗಾ ದಿನವೂ ಇರಲಿ.

ಸೊಪ್ಪಿಗೆ ನಮ್ಮಲ್ಲಿ ಬರವಿಲ್ಲ. ಪುಂಡಿ, ರಾಜಗಿರಿ, ಮೆಂತ್ಯ, ಹಕ್ಕರಿಕೆ, ನುಗ್ಗೆ ಸೊಪ್ಪು, ಹುಣಸೆ ಚಿಗುರು ಎಷ್ಟೋ ಇವೆ. ಹಸುವಿನ ಗಂಜಲ, ಕೊಟ್ಟಿಗೆ ತೊಳೆದ ನೀರು ಹರಿದು ಹೋಗುವ ಹಿತ್ತಲಿನಲ್ಲಿ ಎರಡು ನುಗ್ಗೆ, ಒಂದು ಪಪ್ಪಾಯಿ, ಒಂದು ನಿಂಬೆ ಗಿಡ ನೆಟ್ಟರೆ ಬೇರೆ ಆರೈಕೆಯೇ ಬೇಡ. ನೆಲಕ್ಕೆ ತಾಗಿ ಬೆಳೆಯುವ ಸೊಪ್ಪಿಗೆ ಮಾತ್ರ ಆ ನೀರು ಬಿಡಬೇಡಿ. ಯಾವ ಸೊಪ್ಪನ್ನೇ ಆಗಲಿ ಚೆನ್ನಾಗಿ ತೊಳೆದು ಬಳಸಿ. ಸೊಪ್ಪು ಕಾಳಿನ ಜೊತೆ ನಿಂಬೆರಸ ಹಿಂಡಿ ತಿಂದರೆ ಅವುಗಳಲ್ಲಿರುವ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ.

ಹಾಲಿನಲ್ಲಿ ಎಲ್ಲವೂ ಇದೆ ಎಂದು ಭಾವಿಸಬೇಡಿ. ಅದರಲ್ಲಿ ಕಬ್ಬಿಣ ಬಹಳ ಕಡಿಮೆ. ರಕ್ತಹೀನತೆಗೆ ಹಾಲು ಉತ್ತರವಲ್ಲ. ಸೊಪ್ಪು, ಕಾಳು, ಸಜ್ಜೆ, ಮಾಂಸ ತಿನ್ನುವವರಿಗೆ ಮಾಂಸ ಉತ್ತರ.

ಚಹಾ, ಉಪ್ಪು, ಎಣ್ಣೆ

ಹಾಲು ಹಿಂಡುವ ಮುಂಚೆ ಒಂದು ಚಹಾ, ಸಂಘಕ್ಕೆ ಹಾಕಿ ಬಂದ ಮೇಲೆ ಒಂದು, ಹೊಲದಲ್ಲಿ ಒಂದು, ಸಂಜೆ ಮತ್ತೆ ಎರಡು. ಐದು ಚಹಾಕ್ಕೆ ಎರಡೆರಡು ಚಮಚ ಸಕ್ಕರೆ ಎಂದರೆ ೪೦ರಿಂದ ೫೦ ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನಕ್ಕೆ ೨೫ ಗ್ರಾಮಿನೊಳಗೆ ಇದ್ದರೆ ಒಳ್ಳೆಯದು. ಊಟದ ಜೊತೆಗೆ, ಊಟವಾದ ಕೂಡಲೇ ಕುಡಿಯುವ ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರವಿರಲಿ. ಚಹಾ ಎರಡಕ್ಕೆ ಇಳಿಯಲಿ. ಉಳಿದ ಹೊತ್ತಿಗೆ ಮಜ್ಜಿಗೆ ಕುಡಿಯಿರಿ. ಮಕ್ಕಳಿಗೆ ಚಹಾ ಬೇಡವೇ ಬೇಡ.

ಉಪ್ಪು ಒಬ್ಬರಿಗೆ ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಮೀರಬಾರದು. ಸಾರಿನ ಉಪ್ಪು, ಉಪ್ಪಿನಕಾಯಿ, ಚಟ್ನಿಪುಡಿ, ಮಜ್ಜಿಗೆಯ ಉಪ್ಪು ಎಲ್ಲವೂ ಈ ಲೆಕ್ಕದಲ್ಲೇ ಬರುತ್ತವೆ. ಎಣ್ಣೆ ಐವರು ದೊಡ್ಡವರಿರುವ ಮನೆಗೆ ತಿಂಗಳಿಗೆ ನಾಲ್ಕು ಕಿಲೋ ಸಾಕು. ನಿಮ್ಮ ಮನೆಗೆ ಎಷ್ಟು ಬರುತ್ತಿದೆ ಎಂದು ಕಿರಾಣಿ ಚೀಟಿ ನೋಡಿ. ಮಂಡಕ್ಕಿ ಮಿರ್ಚಿ ನಮ್ಮ ಸೀಮೆಯ ಹೆಮ್ಮೆ, ಬಿಡಿ ಎಂದರೆ ಯಾರೂ ಕೇಳುವುದಿಲ್ಲ. ಮಂಡಕ್ಕಿ ಇರಲಿ, ಅದಕ್ಕೆ ಈರುಳ್ಳಿ, ಸೌತೆ, ಶೇಂಗಾ, ಮೊಳಕೆ ಕಾಳು ಹೆಚ್ಚಾಗಲಿ, ಮಿರ್ಚಿ ಸಂತೆಯ ದಿನಕ್ಕೆ ಸಾಕು.

ಹಾಲು ಹಿಂಡುವ ತಾಯಿಯ ಊಟ

ಗಬ್ಬದ ಹಸುವಿಗೆ ಕಡೆಯ ಎರಡು ತಿಂಗಳು ಹಾಲು ಬತ್ತಿಸುತ್ತೇವೆ, ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ಪಶು ಆಹಾರ ಹೆಚ್ಚಿಗೆ ಕೊಡುತ್ತೇವೆ. ಕರು ಹಾಕಿದ ಮೇಲೆ ಶರೀರ ಪೋಷಣೆಯ ಪಾಲಲ್ಲದೆ ಲೀಟರ್ ಹಾಲಿಗೆ ೪೦೦ ಗ್ರಾಮಿನಂತೆ ಲೆಕ್ಕ ಹಾಕಿ ಕೊಡುತ್ತೇವೆ. ಮೂಕಪ್ರಾಣಿಗೆ ಇಷ್ಟು ಕಾಳಜಿ ಮಾಡುವ ಮನೆಯಲ್ಲಿ ಬಸುರಿ ಸೊಸೆ ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವುದು ನ್ಯಾಯವೇ?

೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು ೪೮ ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು ೩೫ ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಚಿಕ್ಕಂದಿನಲ್ಲಿ ಕುಂಠಿತವಾದ ಬೆಳವಣಿಗೆಯನ್ನು ಆಮೇಲೆ ಸರಿಪಡಿಸುವುದು ಬಲು ಕಷ್ಟ. ಕರುವಿಗೆ ಮೊದಲ ತಿಂಗಳುಗಳಲ್ಲಿ ಸರಿಯಾಗಿ ಹಾಲುಣಿಸದಿದ್ದರೆ ಅದು ಒಳ್ಳೆಯ ಹಸುವಾಗುವುದಿಲ್ಲ ಎಂಬುದು ನಿಮ್ಮದೇ ಅನುಭವ.

ಬಸುರಿಗೆ ದಿನಕ್ಕೆ ಸುಮಾರು ೩೫೦ ಕ್ಯಾಲರಿ ಹೆಚ್ಚಿಗೆ ಬೇಕು. ಒಂದು ರೊಟ್ಟಿ, ಒಂದು ಲೋಟ ಹಾಲು, ಒಂದು ಸಣ್ಣ ಹಿಡಿ ಶೇಂಗಾ ಎಂದರೆ ಇಷ್ಟಾಗುತ್ತದೆ. ಎದೆಹಾಲುಣಿಸುವ ಮೊದಲ ಆರು ತಿಂಗಳು ೬೦೦ ಕ್ಯಾಲರಿ ಹೆಚ್ಚಿಗೆ ಬೇಕು. ಬಾಣಂತಿಗೆ ಪಥ್ಯವೆಂದು ಬರಿ ಅನ್ನ, ಸಾರು ಕೊಟ್ಟು, ನೀರಿಗೂ ಅಳತೆ ಹಾಕುವ ಪದ್ಧತಿ ಬಿಡಬೇಕು. ಬಸುರಿನ ನಾಲ್ಕನೆಯ ತಿಂಗಳಿನಿಂದ ಸರ್ಕಾರ ಉಚಿತವಾಗಿ ಕೊಡುವ ಕಬ್ಬಿಣದ ಮಾತ್ರೆಯನ್ನು ೧೮೦ ದಿನ ಬಿಡದೆ ನುಂಗಬೇಕು. ಹೆರಿಗೆಯಾದ ಮೇಲೂ ೧೮೦ ದಿನ. ಮಾತ್ರೆಯನ್ನು ಹಾಲು, ಚಹಾದ ಜೊತೆ ತೆಗೆದುಕೊಳ್ಳಬಾರದು, ನೀರು ಅಥವಾ ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ. ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಸಿಗುವ ಸೌಲಭ್ಯವನ್ನು ನಾಚಿಕೆ ಇಲ್ಲದೆ ಪಡೆಯಿರಿ. ಅದು ಅವರ ಹಕ್ಕು.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ನಸುಕಿನಲ್ಲಿ ಎದ್ದು ಸೆಗಣಿ ಬಳಿದು, ಹಾಲು ಹಿಂಡಿ, ಅಡುಗೆ ಮುಗಿಸುವವರೆಗೆ ಬರಿ ಚಹಾದಲ್ಲಿ ಇರಬೇಡಿ. ಹಿಂಡಲು ಕೂರುವ ಮುನ್ನ ಒಂದು ರೊಟ್ಟಿ ಚೂರು, ಬೆಲ್ಲ ಶೇಂಗಾ, ಏನಾದರೂ ಬಾಯಿಗಿಡಿ. ಆಕಳಿಗೆ ಹಿಂಡಿ ಇಡದೆ ಹಿಂಡಲು ಕೂರುವುದಿಲ್ಲ ತಾನೆ?

ನೀರು

ಬೇಸಿಗೆಯಲ್ಲಿ ದುಡಿಯುವವರಿಗೆ ದಿನಕ್ಕೆ ಮೂರು ನಾಲ್ಕು ಲೀಟರ್ ನೀರು ಬೇಕು. ನಮ್ಮ ಭಾಗದ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ೧.೫ ಮಿಲಿ ಗ್ರಾಂ ಮೀರಿದ ನೀರನ್ನು ಕುಡಿಯಲು ಬಳಸಬಾರದು. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಂಡರೆ, ದನಗಳ ಹಲ್ಲಿನಲ್ಲೂ ಅದೇ ಕಲೆ ಕಂಡರೆ ನೀರನ್ನು ಅನುಮಾನಿಸಿ ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಹೆಚ್ಚುತ್ತದೆ. ಇಂಥ ಊರುಗಳಲ್ಲಿ ಶುದ್ಧ ನೀರಿನ ಘಟಕದ ನೀರನ್ನು ಕುಡಿಯುವುದಕ್ಕೂ ಅಡುಗೆಗೂ ಬಳಸಿ. ಮಕ್ಕಳಿಗೆ ಹಾಲು, ಮೊಸರು, ನೆಲ್ಲಿ, ನಿಂಬೆ ತಪ್ಪಿಸಬೇಡಿ. ಸುಣ್ಣದ ಅಂಶ ಕಡಿಮೆ ಇರುವ ಮೈಗೆ ಫ್ಲೋರೈಡಿನ ಕಾಟ ಹೆಚ್ಚು.

ರೈತನಿಗೂ ವ್ಯಾಯಾಮ ಬೇಕೆ?

'ನಮ್ಮ ದುಡಿಮೆಯೇ ವ್ಯಾಯಾಮ' ಎಂದು ಹೇಳುವವರು ತಮ್ಮ ನಿನ್ನೆಯ ದಿನವನ್ನು ನೆನಪಿಸಿಕೊಳ್ಳಲಿ. ಉಳುಮೆ ಟ್ರ್ಯಾಕ್ಟರಿನದು, ಕಳೆ ತೆಗೆಯುವುದು ಕೂಲಿಯವರದು, ಹೊಲಕ್ಕೆ ಬೈಕು, ಮುನ್ನೂರು ಹೆಜ್ಜೆಯ ಸಂಘಕ್ಕೂ ಬೈಕು. ಉಳಿದ ಹೊತ್ತು ಕಟ್ಟೆಯ ಮೇಲೆ ಕೂತು ಮೊಬೈಲು. ಮನೆಯ ಗಂಡಸರ ಮೈಗೆ ಕೆಲಸ ಕಡಿಮೆಯಾಗಿದೆ, ಹೆಂಗಸರ ಮೈಗೆ ಕಡಿಮೆಯಾಗಿಲ್ಲ. ಆದ್ದರಿಂದ ವ್ಯಾಯಾಮದ ಸಲಹೆ ಇಬ್ಬರಿಗೂ ಒಂದೇ ಅಲ್ಲ.

ಗಂಡಸರಿಗೆ: ವಾರದಲ್ಲಿ ೧೫೦ರಿಂದ ೩೦೦ ನಿಮಿಷ ಮೈ ಬಿಸಿಯಾಗುವ ಚಟುವಟಿಕೆ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ ಅರ್ಧ ತಾಸು, ವಾರಕ್ಕೆ ಐದು ದಿನ ಬಿರುಸಾಗಿ ನಡೆದರೆ ಕನಿಷ್ಠದ ಲೆಕ್ಕ ಮುಗಿಯಿತು. ನಡೆಯುತ್ತ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು ಬಿರುಸು ಸಾಕು. ಬೈಕು ಬಿಟ್ಟು ಕ್ಯಾನು ಹಿಡಿದು ಎರಡು ಹೊತ್ತೂ ಸಂಘಕ್ಕೆ ನಡೆಯಿರಿ. ಹಸಿರು ಮೇವು ಕೊಯ್ಯುವುದು, ಹೊರುವುದು, ಕೊಟ್ಟಿಗೆ ಬಳಿಯುವುದು ಗಂಡಸರ ಪಾಲಿಗೆ ಬರಲಿ. ಮನೆಯವರ ಭಾರವೂ ಇಳಿಯುತ್ತದೆ, ನಿಮ್ಮ ಹೊಟ್ಟೆಯೂ ಇಳಿಯುತ್ತದೆ. ಕೊಟ್ಟೂರೇಶ್ವರನ ತೇರಿಗೆ, ಮೈಲಾರದ ಕಾರ್ಣಿಕಕ್ಕೆ ನಡೆದು ಹೋಗುವ ಭಕ್ತರು ನಮ್ಮಲ್ಲಿ ಅನೇಕರಿದ್ದಾರೆ. ವರ್ಷಕ್ಕೊಮ್ಮೆ ನಡೆದು ಕಾಲು ಬೊಬ್ಬೆ ಎಬ್ಬಿಸಿಕೊಳ್ಳುವ ಬದಲು ದಿನವೂ ಅರ್ಧ ತಾಸು ನಡೆದರೆ ಆ ಪಾದಯಾತ್ರೆಯೂ ಸಲೀಸಾಗುತ್ತದೆ.

ಹೆಣ್ಣುಮಕ್ಕಳಿಗೆ: ಬೇಕಾಗಿರುವುದು ಹೆಚ್ಚಿನ ಕೆಲಸವಲ್ಲ, ಸರಿಯಾದ ಭಂಗಿ ಮತ್ತು ವಿರಾಮ. ಸೊಂಟದಿಂದ ಬಗ್ಗಿ ಬುಟ್ಟಿ ಎತ್ತಬೇಡಿ. ಮೊಣಕಾಲು ಮಡಿಸಿ ಕೂತು, ಭಾರವನ್ನು ಮೈಗೆ ಹತ್ತಿರ ಹಿಡಿದು ಏಳಿ. ಒಂದು ದೊಡ್ಡ ಹೊರೆಯ ಬದಲು ಎರಡು ಸಣ್ಣ ಹೊರೆ ಮಾಡಿ, ಆದರೆ ತಳ್ಳುಗಾಡಿ ಇಟ್ಟುಕೊಳ್ಳಿ. ಹೆಬ್ಬೆರಳು ಮಡಿಸಿ ಹಿಂಡುವುದರಿಂದ ಬೆರಳ ಗಂಟೂ ನೋಯುತ್ತದೆ, ಹಸುವಿನ ಮೊಲೆಗೂ ಗಾಯವಾಗುತ್ತದೆ. ಪೂರ್ತಿ ಮುಷ್ಟಿಯಿಂದ ಹಿಂಡಿ. ಕೂರಲು ಗಟ್ಟಿಯಾದ ಸಣ್ಣ ಮಣೆ ಇರಲಿ. ಮಧ್ಯಾಹ್ನ ಅರ್ಧ ತಾಸು ಬೆನ್ನು ನೆಲಕ್ಕೆ ತಾಗಲಿ.

ಹಸುವಿಗೆ: ಕಟ್ಟಿದ ಜಾಗದಲ್ಲೇ ಮೇಯುವ ಮಿಶ್ರತಳಿ ಹಸುವಿನ ಗೊರಸು ಬೆಳೆದು ಸೊಟ್ಟಗಾಗುತ್ತದೆ, ಬೆದೆಗೆ ಬಂದದ್ದೂ ಸರಿಯಾಗಿ ತಿಳಿಯುವುದಿಲ್ಲ. ದಿನಕ್ಕೆ ಒಂದೆರಡು ತಾಸು ಬಿಟ್ಟು ಅಡ್ಡಾಡಿಸಿ. ಅದರ ಹಿಂದೆ ನೀವೂ ನಡೆದರೆ ಇಬ್ಬರ ವ್ಯಾಯಾಮವೂ ಒಟ್ಟಿಗೆ ಆಗುತ್ತದೆ.

ಒಂದು ದಿನದ ಊಟದ ಮಾದರಿ

ಬೆಳಿಗ್ಗೆ: ರೊಟ್ಟಿ, ಸೊಪ್ಪಿನ ಪಲ್ಯ, ಗುರೆಳ್ಳು ಅಥವಾ ಶೇಂಗಾ ಚಟ್ನಿಪುಡಿ, ಮೊಸರು. ಮಕ್ಕಳಿಗೆ ಒಂದು ಲೋಟ ಹಾಲು.

ಮಧ್ಯಾಹ್ನ: ರೊಟ್ಟಿ ಅಥವಾ ಮುದ್ದೆ, ಗಟ್ಟಿ ಬೇಳೆ ಅಥವಾ ಕಾಳಿನ ಸಾರು, ಹಸಿ ಈರುಳ್ಳಿ, ಸೌತೆ, ಮೂಲಂಗಿ, ಸ್ವಲ್ಪ ಅನ್ನ, ಮಜ್ಜಿಗೆ.

ಸಂಜೆ: ಬೇಯಿಸಿದ ಕಾಳು ಅಥವಾ ಶೇಂಗಾ, ಪೇರಲ, ಬಾಳೆ, ಸೀತಾಫಲ ಹೀಗೆ ಕಾಲಕ್ಕೆ ಸಿಗುವ ಹಣ್ಣು.

ರಾತ್ರಿ: ಬೇಗ ಊಟ. ನವಣೆ ಅಥವಾ ಅಕ್ಕಿ ಅನ್ನ ಮಿತವಾಗಿ, ತರಕಾರಿ ಹುಳಿ, ಮಲಗುವ ಮುನ್ನ ಮಕ್ಕಳಿಗೆ, ಹಿರಿಯರಿಗೆ ಹಾಲು.

ಇದರಲ್ಲಿ ಪೇಟೆಯಿಂದ ತರಬೇಕಾದದ್ದು ಬಹಳ ಕಡಿಮೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ತಮ್ಮ ವೈದ್ಯರ ಸಲಹೆಯಂತೆ ಊಟ ಬದಲಿಸಿಕೊಳ್ಳಲಿ.

ನೆನಪಿಡಬೇಕಾದ ಅಂಶಗಳು

೧. ಕ್ಯಾನಿಗೆ ಸುರಿಯುವ ಮುನ್ನ ಮನೆಯ ಹಾಲು ತೆಗೆದಿಡಿ. ಕನಿಷ್ಠ ಒಂದು ಲೀಟರ್.

೨. ಹಾಲನ್ನು ಉಕ್ಕುವವರೆಗೆ ಕಾಯಿಸಿಯೇ ಕುಡಿಯಿರಿ.

೩. ದಿನಕ್ಕೊಂದು ಹೊತ್ತು ಜೋಳ, ಸಜ್ಜೆ ಅಥವಾ ನವಣೆ. ಪ್ರತಿ ಊಟಕ್ಕೂ ಕಾಳು, ಸೊಪ್ಪು.

೪. ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಿ. ಬಸುರಿ ಬಾಣಂತಿಯರ ತಟ್ಟೆಗೆ ಮೊದಲು ಬಡಿಸಿ.

೫. ಚಹಾ ಎರಡು, ಉಪ್ಪು ಒಂದು ಚಮಚ, ಎಣ್ಣೆ ಮಿತ. ತಂಬಾಕು, ಕುಡಿತ ಬೇಡ.

೬. ದಿನಕ್ಕೆ ಅರ್ಧ ತಾಸು ನಡಿಗೆ.

೭. ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿ. ಈ ತಪಾಸಣೆ ಉಚಿತ.

'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಹಸು ಕಾಯಿಲೆ ಬಿದ್ದರೆ ಮನೆಯವರು ನೋಡಿಕೊಳ್ಳುತ್ತಾರೆ. ಮನೆಯವರೇ ಕಾಯಿಲೆ ಬಿದ್ದರೆ ಹಸುವನ್ನು ನೋಡುವವರು ಯಾರು? ಮುಂದಿನ ಬಾರಿ ಸಂಘದ ಸಭೆ ಸೇರಿದಾಗ ಜಿಡ್ಡು, ದರ, ಬಟವಾಡೆಯ ಮಾತಿನ ಜೊತೆಗೆ ಇದನ್ನೂ ಒಂದು ವಿಷಯವಾಗಿ ಚರ್ಚಿಸಿ. ಆಶಾ ಕಾರ್ಯಕರ್ತೆಯರನ್ನೂ ಅಂಗನವಾಡಿ ಕಾರ್ಯಕರ್ತೆಯರನ್ನೂ ಕರೆಸಿ ಮಾತಾಡಿಸಿ. ನಾಳೆ ಬೆಳಿಗ್ಗೆ ಹಾಲು ಹಿಂಡಿದಾಗ ಮೊದಲ ಚೆಂಬು ಮನೆಯ ಒಳಗೆ ಹೋಗಲಿ, ಆಮೇಲೆ ಕ್ಯಾನು ಸಂಘದ ದಾರಿ ಹಿಡಿಯಲಿ.